ನುಂಗಿದ ನಾಲ್ಕು

ಔಷಧಿ ಅಂಗಡಿಯವನು ಮಾತ್ರೆಯ ಹಾಳೆಯನ್ನು ಕತ್ತರಿಸುತ್ತ, ಎದುರು ನಿಂತ ಗಿರಾಕಿಯ ಹಾಡನ್ನೇ ಗುನುಗುತ್ತಿದ್ದ. ಶ್ರುತಿ ಒಂದಿಷ್ಟು ಕೆಳಗಿತ್ತು, ತಾಳ ಮಾತ್ರ ಸರಿಯಾಗಿತ್ತು. ಬೇಕೆಂತಲೇ ಅಣಕಿಸುತ್ತಿದ್ದಾನೋ ಏನೋ ಎಂದು ಅವನು ಅಂಗಡಿಯವನ ಮುಖ ನೋಡಿದ. ಅಂಥದ್ದೇನೂ ಇರಲಿಲ್ಲ. ದಿನವಿಡೀ ಟೀವಿಯ ಕೆಳಗೆ ಕೂತವನ ಬಾಯಿಗೆ ಯಾವುದು ಹತ್ತಿತೋ ಅದು ಬರುತ್ತಿತ್ತು, ಅಷ್ಟೆ. ಗಲ್ಲಾದ ಪಕ್ಕದಲ್ಲಿ ರಟ್ಟಿನ ಗೂಡೊಂದರಲ್ಲಿ ಮಂಡಿನೋವಿನ ಮುಲಾಮಿನ ಟ್ಯೂಬುಗಳು ಸಾಲಾಗಿ ನಿಂತಿದ್ದವು. ಗೂಡಿನ ನೆತ್ತಿಯ ಮೇಲೆ ಕುರ್ಚಿಯಿಂದ ಪುಟಿದು ಏಳುತ್ತಿರುವ ಮುದುಕನ ಚಿತ್ರ. ಮುದುಕನ ಬಾಯಿಂದ ಹೊರಟಂತೆ ದಪ್ಪಕ್ಷರದಲ್ಲಿ 'ಕೂರಲಾರೆ!' ಅವನು ಆ ಕಡೆ ನೋಡಬಾರದೆಂದು ಚಿಲ್ಲರೆ ಹುಡುಕುವವನಂತೆ ಜೇಬಿಗೆ ಕೈ ಹಾಕಿದ. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಅವನ ಬಿಳಿ ಜುಟ್ಟನ್ನೂ ಬೆರಳಿನ ಬೆಳ್ಳಿ ಉಂಗುರಗಳನ್ನೂ ಅಳೆದು ನೋಡಿ, "ಇವ್ರೇ ಅಲ್ವಾ, ಆ ಮುಲಾಮಿನ ಹಾಡು ಹೇಳಿರೋರು?" ಎಂದಳು. ಮುಲಾಮಿನ ಹಾಡು. ಅಂಗಡಿಯವನ ಕತ್ತರಿ ನಿಂತಿತು. "ಹೌದಾ ಸರ್? ನೀವೇನಾ? ಅಯ್ಯೋ, ಮೊದಲೇ ಹೇಳ್ಬಾರ್ದಾ!" ಎನ್ನುತ್ತ ಗೂಡಿನಿಂದ ಒಂದು ಟ್ಯೂಬು ಕಿತ್ತು ಮಾತ್ರೆಗಳ ಜೊತೆ ಪೊಟ್ಟಣಕ್ಕೆ ಹಾಕಿದ. "ಇದು ನಮ್ಮ ಕಡೆಯಿಂದ. ಅಂದ ಹಾಗೆ ಸರ್, ನಮ್ಮ ನಮ್ಮಲ್ಲಿ ಹೇಳಿ, ಇದು ಕೆಲಸ ಮಾಡುತ್ತಾ?" ಅವನು ಅದನ್ನು ಒಮ್ಮೆಯೂ ಹಚ್ಚಿಕೊಂಡವನಲ್ಲ. "ಮಾಡುತ್ತೆ," ಎಂದ. ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಬೆಚ್ಚಿದಂತಾಯಿತು. "ಹಾಗಾದ್ರೆ ನಂಗೂ ಒಂದು ಕೊಡಿ," ಎಂದಳು ಆ ಹೆಂಗಸು.

ಬೀದಿಗೆ ಇಳಿದು, ಪೊಟ್ಟಣವನ್ನು ಕೋಟಿನ ಜೇಬಿಗೆ ತುರುಕಿ, ಫೋನು ತೆಗೆದು ಬೆಳಗಿನ ಸಂದೇಶವನ್ನು ಮತ್ತೆ ಓದಿದ. 'ಬಿಡುವಿದ್ರೆ ಇವತ್ತು ಮನೆಗೆ ಬಂದು ಹೋಗು.' ಅತ್ತಿಗೆ ಕಳಿಸಿದ್ದಳು. ಒಡಹುಟ್ಟಿದ ಅಣ್ಣನ ಹೆಂಡತಿಯಲ್ಲ. ಅವರ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ, ಎಲ್ಲರಿಗಿಂತ ದೊಡ್ಡವನಾಗಿದ್ದ ಗಡಿಯಾರನ ಹೆಂಡತಿ. ತಾಳದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡದವನೆಂದು ಅವನಿಗೆ ಆ ಅಡ್ಡಹೆಸರು ಬಿದ್ದು, ಕೊನೆಗೆ ಬಾಡಿಗೆ ಮನೆಯ ಮಾಲೀಕನೂ ಹಾಗೇ ಕರೆಯುವಂತಾಗಿತ್ತು. ಗಡಿಯಾರ ತೀರಿಕೊಂಡು ಎರಡು ವರ್ಷವಾಗಿತ್ತು. ಮುಲಾಮಿನ ಜಾಹೀರಾತು ಟೀವಿಯಲ್ಲಿ ಬರತೊಡಗಿದ ಮೇಲೆ ಅವನು ಅತ್ತಿಗೆಯ ಮನೆಯಿದ್ದ ಬೀದಿಯನ್ನೇ ಬಿಟ್ಟು ಸುತ್ತಿಬಳಸಿ ಓಡಾಡುತ್ತಿದ್ದ. ಈಗ ಅವಳೇ ಕರೆದಿದ್ದಳು. ಏಕೆಂದು ಬರೆದಿರಲಿಲ್ಲ. ಬರೆಯದಿದ್ದರೂ ತಿಳಿಯದಷ್ಟು ದಡ್ಡನೇ? ಮುಖಕ್ಕೆ ಉಗಿಯಲಿ, ಅದೇ ವಾಸಿ ಎಂದುಕೊಂಡು ಹೊರಟವನು, ಎರಡನೆಯ ತಿರುವಿನಷ್ಟರಲ್ಲಿ ಉತ್ತರಗಳನ್ನು ಜೋಡಿಸಿಕೊಳ್ಳತೊಡಗಿದ್ದ. ಕಾಲ ಬದಲಾಗಿದೆ ಅತ್ತಿಗೆ. ಯಾರು ಮಾಡ್ತಿಲ್ಲ ಹೇಳಿ ಅತ್ತಿಗೆ. ಹೀಗಾದ್ರೂ ಹೊಸಬರ ಕಿವಿಗೆ ಹಾಡು ಬೀಳುತ್ತಲ್ಲ ಅತ್ತಿಗೆ. ಒಂದೊಂದನ್ನೂ ಬಾಯೊಳಗೇ ಆಡಿ ನೋಡಿದ. ಒಂದಕ್ಕೂ ಉಪ್ಪುಖಾರ ಇರಲಿಲ್ಲ.

ಹಣಕ್ಕಾಗಿ ಮಾರಿದೆ ಎನ್ನುವಂತಿದ್ದರೆ ಎಷ್ಟೋ ಮರ್ಯಾದೆ ಉಳಿಯುತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದವರಿಲ್ಲ, ಸಾಲವಿಲ್ಲ, ಮಗಳು ದುಡಿಯುತ್ತಾಳೆ. ಅಂಥ ಯಾವ ಕಷ್ಟವೂ ಇಲ್ಲದೆ ಅವನು ಮಾರಿದ್ದ. ಎಷ್ಟೋ ವರ್ಷಗಳಿಂದ ಸತ್ತಂತೆ ಬಿದ್ದಿದ್ದ ಫೋನಿನಲ್ಲಿ ಒಂದು ಎಳೆಯ ದನಿ "ಸರ್, ನಾವೆಲ್ಲ ನಿಮ್ಮ ಹಾಡು ಕೇಳ್ಕೊಂಡೇ ಬೆಳೆದೋರು" ಎಂದದ್ದೇ ಸಾಕಾಗಿತ್ತು. ಮುಲಾಮು ಎಂದು ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೂ ಅವನು ನಾಳೆ ಹೇಳುತ್ತೇನೆ ಎಂದದ್ದು ಬರೀ ಗತ್ತಿಗೆ. ಒಳಗೆ ಆಗಲೇ ಯಾವ ಅಂಗಿ ಹಾಕಿಕೊಂಡು ಹೋಗಲಿ ಎಂಬ ಯೋಚನೆ ಹತ್ತಿತ್ತು. ಹಾಡಿನ ಮೊದಲ ಸಾಲು 'ನೀವು ಕೊಟ್ಟ ಕುರ್ಚಿಯಲ್ಲಿ ನಾನು ಕೂರಲಾರೆ' ಎಂದಿತ್ತು. ಕಾಲೇಜಿನ ಗೇಟುಗಳ ಮುಂದೆ, ಬೀಗ ಬಿದ್ದ ಕಾರ್ಖಾನೆಗಳ ಮುಂದೆ, ಪೋಲೀಸರು ಸುತ್ತುವರಿದು ನಿಂತಿರುವಾಗ ಜನ ಎದ್ದು ನಿಂತು ಹಾಡಿದ ಸಾಲು. ಜಾಹೀರಾತಿನವರು 'ನೀವು ಕೊಟ್ಟ' ಎಂಬುದನ್ನು ತೆಗೆದು 'ಈ' ಎಂದು ಹಾಕಿದರು. ಈ ಕುರ್ಚಿಯಲ್ಲಿ ನಾನು ಕೂರಲಾರೆ. ಒಂದೇ ಒಂದು ಸಣ್ಣ ಬದಲಾವಣೆ ಸರ್, ಎಂದಿದ್ದರು. ಅವನು ಮೀಟರಿಗೆ ಚೆನ್ನಾಗಿಯೇ ಕೂಡುತ್ತೆ ಎಂದು ತಾನಾಗಿಯೇ ಸರ್ಟಿಫಿಕೇಟು ಕೊಟ್ಟಿದ್ದ. ಹಳೆಯ ತಂಡದ ಗಿಟಾರಿನವನು ದೂರದ ಊರಿನಿಂದ ಒಂದೇ ಸಾಲಿನ ಸಂದೇಶ ಕಳಿಸಿದ್ದ: 'ಮೂಲವ್ಯಾಧಿ ಔಷಧಿಯವರನ್ನ ಕೇಳಿದ್ಯಾ? ಇನ್ನೂ ಚೆನ್ನಾಗಿ ಹೊಂದ್ತಿತ್ತು.' ಅದನ್ನು ಓದಿ ಅವನು ನಕ್ಕಿದ್ದ, ಆಮೇಲೆ ಊಟ ಬಿಟ್ಟು ಮಲಗಿದ್ದ.

ಆದರೆ ಗಿಟಾರಿನವನಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಇನ್ನರ್ಧ ಹಾಡಿಗೆ ಮುಂಚಿನ ಎಣಿಕೆಯಲ್ಲಿತ್ತು. ಪ್ರತಿ ಹಾಡಿಗೂ ಮೊದಲು ಗಡಿಯಾರ ಕೋಲಿಗೆ ಕೋಲು ತಟ್ಟುತ್ತ ಗಟ್ಟಿಯಾಗಿ ಎಣಿಸುತ್ತಿದ್ದ. ಒಂದು, ಎರಡು, ಮೂರು. ನಾಲ್ಕನ್ನು ನುಂಗುತ್ತಿದ್ದ. ಗಡಿಯಾರನಿಗೆ ಉಗ್ಗು ಇತ್ತು. ಬೇರೆ ಮಾತುಗಳನ್ನು ಹೇಗೋ ಹಿಂದುಮುಂದು ಮಾಡಿ ದಾಟಿಸಿಬಿಡುತ್ತಿದ್ದವನಿಗೆ ನಾಲ್ಕು ಎಂಬುದೊಂದು ಜಪ್ಪಯ್ಯ ಅಂದರೂ ಹೊರಡುತ್ತಿರಲಿಲ್ಲ. ದವಡೆ ನಡುಗಿ, ಕಣ್ಣು ಮೇಲೆ ಹೋಗಿ, ಅಷ್ಟರಲ್ಲಿ ತಾಳ ತಪ್ಪಿಹೋಗುತ್ತಿತ್ತು. ಹಾಗಾಗಿ ತಂಡದವರು ಆ ಖಾಲಿ ಜಾಗದಲ್ಲಿ ಉಸಿರೆಳೆದುಕೊಂಡು ಮುಂದಿನ ಪೆಟ್ಟಿಗೆ ಒಟ್ಟಾಗಿ ನುಗ್ಗುವುದನ್ನು ರೂಢಿಸಿಕೊಂಡರು. ಕೇಳುವವರು ಅದನ್ನು ತಂಡದ ಗತ್ತು ಎಂದುಕೊಂಡರು. ಬರಬರುತ್ತ ಆ ಖಾಲಿ ಜಾಗ ಬಂದ ಕೂಡಲೇ ಮೈದಾನಕ್ಕೆ ಮೈದಾನವೇ "ನಾಲ್ಕು!" ಎಂದು ಕೂಗುವುದು ಪದ್ಧತಿಯಾಯಿತು. ಆ ಕೂಗಿಗೆ ಗಡಿಯಾರ ಪ್ರತಿಸಲವೂ ತಲೆ ಬಗ್ಗಿಸಿ, ನಾಚಿಕೊಂಡವನಂತೆ ನಕ್ಕು, ಕೋಲು ಎತ್ತುತ್ತಿದ್ದ. ಪತ್ರಿಕೆಯವನೊಬ್ಬ, ಕೊನೆಯ ಮಾತನ್ನು ಜನರಿಗೇ ಬಿಟ್ಟುಕೊಟ್ಟ ತಂಡ ಎಂದು ದೊಡ್ಡದಾಗಿ ಬರೆದಾಗ ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಿಜ ಗೊತ್ತಿದ್ದದ್ದು ತಂಡಕ್ಕೆ ಮತ್ತು ಅತ್ತಿಗೆಗೆ.

ಆ ಎಣಿಕೆಯನ್ನೂ ಅವನು ಕೊಟ್ಟುಬಿಟ್ಟಿದ್ದ. ಜಾಹೀರಾತಿನ ನಿರ್ದೇಶಕಿ, ಅವನ ಮಗಳಿಗಿಂತ ಚಿಕ್ಕವಳು, ಗಾಜಿನ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ತನ್ನವರನ್ನೆಲ್ಲ ಕೂರಿಸಿ, "ಹಳೇ ದಿನಗಳ ಕಥೆ ಏನಾದ್ರೂ ಹೇಳಿ ಸರ್" ಎಂದಾಗ ಅವನಿಗೆ ಹುರುಪು ಬಂದಿತ್ತು. ಎಷ್ಟು ದಿನವಾಗಿತ್ತು, ಅಷ್ಟು ಜನ ಒಟ್ಟಿಗೆ ಅವನ ಬಾಯಿಯನ್ನೇ ನೋಡುತ್ತ ಕೂತು! ಎಲ್ಲ ಕಥೆ ಮುಗಿದ ಮೇಲೂ ಅವರು ನೋಡುತ್ತಲೇ ಇದ್ದರು. ಆಗ ಹೇಳಲು ಇನ್ನೇನೂ ಉಳಿಯದೆ, ಗಡಿಯಾರನ ಕೊನೆಯ ವರ್ಷಗಳಲ್ಲಿ ಅವರ ಮನೆಯಲ್ಲಿ ತಾನು ಕಂಡದ್ದನ್ನು ಹೇಳಿದ. ಅತ್ತಿಗೆಗೆ ಮಂಡಿ ಸೋತಿತ್ತು. ಕುರ್ಚಿಯಿಂದ ಏಳಬೇಕಾದಾಗ ಗಡಿಯಾರ ಅವಳ ಎರಡೂ ಕೈ ಹಿಡಿದು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ. ಅತ್ತಿಗೆ "ನಾಲ್ಕು" ಎಂದು ತಾನೇ ಹೇಳಿಕೊಂಡು ಎದ್ದು ನಿಲ್ಲುತ್ತಿದ್ದಳು. ಅವನು ಕೈ ಚಾಚಿ ಅಭಿನಯಿಸಿಯೇ ತೋರಿಸಿದ. ನಿರ್ದೇಶಕಿ ಕಣ್ಣರಳಿಸಿ, "ಸರ್, ಇದೇ ನಮ್ಮ ಆಡ್!" ಎಂದಳು. ಆಮೇಲೆ ಪೆನ್ನಿನಿಂದ ಗಲ್ಲ ಕುಟ್ಟಿಕೊಳ್ಳುತ್ತ, "ಆದ್ರೆ ಹೆಂಡತಿ ಬೇಡ. ತಾತ ಒಬ್ನೇ ಇರ್ಲಿ. ನಾಲ್ಕು ಅಂತ ಅವ್ನೇ ಹೇಳಿ, ಠಣ್ ಅಂತ ಏಳ್ಲಿ," ಎಂದಳು. ಅವನು ಬೇಡ ಎನ್ನಬಹುದಿತ್ತು. ಅವರು ತರಿಸಿದ ಕಾಫಿ ಕುಡಿಯುತ್ತಿದ್ದ, ಕುಡಿಯುತ್ತಲೇ ಇದ್ದ.

ಹಳೆಯ ಧ್ವನಿಮುದ್ರಿಕೆಯ ಹಕ್ಕು ಮುಳುಗಿಹೋದ ಕ್ಯಾಸೆಟ್ ಕಂಪನಿಯೊಂದರ ಜೊತೆ ಎಲ್ಲೋ ಸಿಕ್ಕಿಕೊಂಡಿದ್ದರಿಂದ ಎಲ್ಲವನ್ನೂ ಹೊಸದಾಗಿ ಹಾಡಿ ಮುದ್ರಿಸಬೇಕಾಗಿತ್ತು. ಎಣಿಕೆಗೆಂದು ಕರೆಸಿದ್ದ ನಟನೊಬ್ಬ ಮೈಕಿನ ಮುಂದೆ ಏನು ಮಾಡಿದರೂ ಅದು ಶಾಲೆಯ ಮಗ್ಗಿಯಂತೆ ಕೇಳುತ್ತಿತ್ತು. ಗಾಜಿನಾಚೆ ಎಲ್ಲರೂ ಮುಖ ಸಪ್ಪೆ ಮಾಡಿಕೊಂಡಾಗ ಅವನೇ, ಯಾರೂ ಕೇಳದೆ, "ನಾನು ಹೇಳ್ಲಾ?" ಎಂದ. ಮಿಮಿಕ್ರಿ ಅವನಿಗೆ ಎಳವೆಯಿಂದ ಕೈಹತ್ತಿದ ವಿದ್ಯೆ. ಬಸ್ಸಿನ ಪ್ರಯಾಣಗಳಲ್ಲಿ ತಂಡದ ಪ್ರತಿಯೊಬ್ಬರನ್ನೂ ಆಡಿ ತೋರಿಸಿ ನಗಿಸುತ್ತಿದ್ದವನು. ಗಡಿಯಾರನ ಒಣ ದನಿ, ಮೂಗಿಗೆ ಸ್ವಲ್ಪ ತಗುಲಿ ಬರುವ 'ಒಂದು', ಕಡೆಯಲ್ಲಿ ತುಸು ಮೇಲೇಳುವ 'ಎರಡು', ಚಾಕುವಿನಿಂದ ಕತ್ತರಿಸಿದಂತೆ ನಿಲ್ಲುವ 'ಮೂರು'. ಇವೆಲ್ಲ ಅವನ ಕಿವಿಯಲ್ಲಿದ್ದವು. ನಾಲ್ಕು ಮಾತ್ರ ಇರಲಿಲ್ಲ. ಗಡಿಯಾರನ ಬಾಯಲ್ಲಿ ಆ ಪದ ಹೇಗೆ ಕೇಳುತ್ತದೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಅವನು ವಾರಗಟ್ಟಲೆ ಬಚ್ಚಲುಮನೆಯಲ್ಲಿ, ಮೆಟ್ಟಿಲ ಮೇಲೆ, ಹಾಸಿಗೆಯಲ್ಲಿ ಅಭ್ಯಾಸ ಮಾಡಿ ಅದನ್ನು ಹುಟ್ಟಿಸಿದ. ಮತ್ತೆ ಮುದ್ರಣವಿಟ್ಟುಕೊಂಡ ದಿನ ಅದು ಒಂದೇ ಬಾರಿಗೆ ಬಂದಿತು. ಗಾಜಿನಾಚೆಯವರು ಎದ್ದು ಚಪ್ಪಾಳೆ ತಟ್ಟಿದರು, ಅವನ ಕಣ್ಣಲ್ಲಿ ನೀರು ಬಂದಿತು, ದುಃಖದ್ದಲ್ಲ. ಸಂತೋಷವಾಗಿತ್ತು ಅವನಿಗೆ. ಈಗ ನೆನೆದರೆ ಮೈಯೆಲ್ಲ ಮುಳ್ಳೇಳುವುದು ಆ ಸಂತೋಷಕ್ಕೇ. ಆಮೇಲೆ ಆ ದನಿ ಬಿಟ್ಟು ಹೋಗಲೇ ಇಲ್ಲ. ಮೊನ್ನೆ ಅಡುಗೆಮನೆಯಲ್ಲಿ ಮಾತ್ರೆ ಎಣಿಸಿಕೊಳ್ಳುತ್ತಿದ್ದಾಗ ಮಗಳು ತಿರುಗಿ ನೋಡಿ, "ಅಪ್ಪಾ, ಯಾರ ಥರ ಮಾತಾಡ್ತಿದ್ದೀಯ?" ಎಂದು ಕೇಳಿದ್ದಳು.

ಸೈಕಲ್ ದುರಸ್ತಿಯ ಅಂಗಡಿಯೊಂದನ್ನು ದಾಟುವಾಗ ಟೈರಿನ ರಬ್ಬರು ವಾಸನೆ ಮೂಗಿಗೆ ಬಡಿಯಿತು. ಅವರು ಅಭ್ಯಾಸ ಮಾಡುತ್ತಿದ್ದ ಕೋಣೆಯೂ ಇಂಥದೇ ಅಂಗಡಿಯ ಮೇಲಿತ್ತು, ಮತ್ತು ಅವರ ಹಾಡನ್ನು ಮೊದಲು ಕೊಳ್ಳಲು ಬಂದದ್ದೂ ಒಂದು ಸೈಕಲ್ ಕಂಪನಿಯೇ. ಐವರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಎತ್ತಿ ತೀರ್ಮಾನಿಸಿದ್ದರು. ಬೇಡ ಎಂದು ನಾಲ್ವರು. ಬೇಕು ಎಂದು ಗಡಿಯಾರ ಒಬ್ಬನೇ, ಕೈಯನ್ನು ಭುಜದವರೆಗೆ ಮಾತ್ರ ಎತ್ತಿ. ಗಡಿಯಾರನ ಮನೆಯಲ್ಲಿ ಆಗ ಎಳೆಗೂಸಿತ್ತು. ಅವನು ಏನೋ ಹೇಳಹೊರಟ, ಸೈಕಲ್ಲಿನಲ್ಲಿ ತಪ್ಪೇನಿದೆ, ನಾವೂ ಓಡಿಸೋದು ಅದನ್ನೇ ಅಲ್ವಾ ಎಂದೇನೋ ಇರಬೇಕು, ಉಗ್ಗು ಹಿಡಿದುಕೊಂಡಿತು. ಆಗ ಇವನು, ಆ ದಿನಗಳಲ್ಲಿ ಬೆನ್ನು ನೆಟ್ಟಗಿದ್ದು ಹೊಟ್ಟೆ ಒಳಗಿದ್ದ ಇವನು, ಗೋಡೆಗೊರಗಿಕೊಂಡು ಹೇಳಿದ್ದ: "ಮೊದಲು ನಾಲ್ಕು ಅನ್ನು. ಆಮೇಲೆ ಮಾರೋಣ." ಗಡಿಯಾರ ಅದನ್ನು ನಿಜವೆಂದೇ ತಿಳಿದು ಪ್ರಯತ್ನಪಟ್ಟ. ಅದೇ ಮರೆಯಲಾಗದ್ದು. ತಮಾಷೆ ಎಂದು ತಳ್ಳಿಹಾಕದೆ, ಮೊಣಕಾಲ ಮೇಲೆ ಮುಷ್ಟಿ ಬಿಗಿದು, ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, ಪ್ರಯತ್ನಪಟ್ಟ. ಮೊದಲು ನಕ್ಕವನು ಇವನು. ಆಮೇಲೆ ಎಲ್ಲರೂ. ಮಾರನೆಯ ವಾರ ತುಂಬಿದ ಮೈದಾನದಲ್ಲಿ ಇವನು ಮೈಕಿಗೆ ಬಾಯಿ ಹಚ್ಚಿ "ನಮ್ಮ ಹಾಡು ಮಾರಾಟಕ್ಕಿಲ್ಲ!" ಎಂದು ಕೂಗಿದಾಗ ಜನ ಹುಚ್ಚೆದ್ದು ಅರಚಿದ್ದರು, ಹಿಂದಿನಿಂದ ಗಡಿಯಾರ ಆ ಮಾತಿಗೆ ಒತ್ತಾಸೆಯಾಗಿ ಡ್ರಮ್ಸ್ ಮೇಲೆ ಗುಡುಗು ಹರಿಸಿದ್ದ. ಈ ಸಂಗತಿಯನ್ನು ಅವನು ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾನೆ, ಮೈದಾನದಿಂದ ಶುರುಮಾಡಿ.

ಅತ್ತಿಗೆಯ ಮನೆಯ ಮೆಟ್ಟಿಲು ಹತ್ತುವಾಗ ಟ್ಯೂಬು ತೊಡೆಗೆ ಒತ್ತುತ್ತಿತ್ತು. ಅತ್ತಿಗೆಗೆ ಎದ್ದು ಬರುವುದು ಕಷ್ಟವಾದ್ದರಿಂದ ಬಾಗಿಲು ಬರೀ ಮುಂದೆ ಮಾಡಿತ್ತು. ತಳ್ಳಿ ಒಳಗೆ ಹೋದ. ಅದೇ ಕೋಣೆ: ಕಿಟಕಿಯ ಪಕ್ಕ ಕೈಯಿರುವ ಕುರ್ಚಿ, ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಡ್ರಮ್ಮಿನ ಮೇಲೆ ಒಗೆದು ಮಡಿಸಿದ ಬಟ್ಟೆಗಳ ರಾಶಿ, ಎದುರಿಗೆ ಟೀವಿ. ಟೀವಿಯಲ್ಲಿ ಚಿತ್ರ ಓಡುತ್ತಿತ್ತು, ಸದ್ದು ಆರಿಸಿತ್ತು. ಅವಳ ಕೈಯಳತೆಯಲ್ಲಿದ್ದ ಸ್ಟೂಲಿನ ಮೇಲೆ ರಿಮೋಟು, ನೀರಿನ ಲೋಟ, ಮುಲಾಮಿನ ಟ್ಯೂಬು. ಅರ್ಧ ಖಾಲಿಯಾಗಿ ಬಾಲ ಸುತ್ತಿಕೊಂಡಿದ್ದ ಟ್ಯೂಬನ್ನು ನೋಡಿ ಅವನು ಜೇಬಿನಲ್ಲಿದ್ದ ಪೊಟ್ಟಣವನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

"ಬಾಪ್ಪಾ. ಇಷ್ಟು ದಿನ ಎಲ್ಲಿ ಮಾಯವಾಗಿದ್ದೆ? ಕೂತ್ಕೋ."

"ಕೆಲಸ ಇತ್ತು ಅತ್ತಿಗೆ."

"ಇರುತ್ತಪ್ಪಾ. ಈಗ ದೊಡ್ಡ ಮನುಷ್ಯ. ದಿನಾ ಕೇಳ್ತೀನಲ್ಲ ನಿನ್ನ ಹಾಡು, ಟೀವಿಯಲ್ಲಿ." ಅವಳ ದನಿಯಲ್ಲಿ ಕೊಂಕು ಹುಡುಕಿದ, ಸಿಗಲಿಲ್ಲ. ಅವನು ಕೂರಲಿಲ್ಲ. ಜೋಡಿಸಿಕೊಂಡು ಬಂದ ಉತ್ತರಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದು, "ಅತ್ತಿಗೆ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು, ನಂದು ತಪ್ಪಾಯ್ತು, ಅದು ಏನಾಯ್ತು ಅಂದ್ರೆ..." ಎಂದು ತಡವರಿಸಿದ.

"ಏನ್ ತಪ್ಪು? ಆ ಕುರ್ಚಿಯಿಂದ ಏಳೋದಾ? ಅದು ನಮ್ಮನೇದೇ ಅಂತ ನೋಡಿದ ತಕ್ಷಣ ಗೊತ್ತಾಯ್ತು. ನೀನಲ್ದೆ ಇನ್ಯಾರು ಹೇಳಿರ್ತಾರೆ? ನನ್ನನ್ನ ಬಿಟ್ಬಿಟ್ರು, ಒಳ್ಳೇದೇ ಆಯ್ತು, ಈ ಮುಖ ಯಾರು ನೋಡ್ತಾರೆ!" ನಕ್ಕಳು. ನಗು ನಿಂತ ಮೇಲೆ ಟೀವಿಯ ಕಡೆ ತಿರುಗಿದಳು. "ನಿನ್ನನ್ನ ಕರೆದಿದ್ದು ಅದಕ್ಕಲ್ಲ. ಆ ದನಿ. ಅವರ ದನಿ. ಎಲ್ಲಿತ್ತೋ ಅದು ಇಷ್ಟು ದಿನ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ಮುಂದುವರಿಸಿದ್ದಳು. ಕಣ್ಣು ಟೀವಿಯ ಮೇಲಿತ್ತು, ಯಾವುದೋ ಅಡುಗೆಯ ಎಣ್ಣೆ ಹೊಳೆಯುತ್ತಿತ್ತು ಅಲ್ಲಿ.

"ಆ ಸೈಕಲ್ ಕಂಪನಿಯವರು ಬಂದಿದ್ರಲ್ಲ, ಅವತ್ತು ಇವರು ಮನೆಗೆ ಬಂದು ಹೇಳಿದ್ರು. ನೀನು ಸವಾಲು ಹಾಕಿದ್ಯಂತೆ, ನಾಲ್ಕು ಅನ್ನು, ಮಾರೋಣ ಅಂತ. ಇವರು ಅಂದ್ರಂತೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತಂತೆ. ನೀವೆಲ್ಲ ಚಪ್ಪಾಳೆ ತಟ್ಟಿದ್ರಂತೆ. ಆಮೇಲೆ ಇವರೇ, ಬೇಡ ಬಿಡ್ರೋ, ಮಾರೋದು ಬೇಡ ಅಂದ್ರಂತೆ. ಎಷ್ಟು ಖುಷಿಯಾಗಿ ಹೇಳಿದ್ರು ಗೊತ್ತಾ. ನಾನು ನಂಬ್ಲಿಲ್ಲ. ಮಗು ಅಳ್ತಿತ್ತು, ಮನೇಲಿ ಹಾಲಿರ್ಲಿಲ್ಲ, ನಂಗೆ ಎಲ್ಲಿತ್ತೋ ಸಿಟ್ಟು, 'ಸುಳ್ಳು ಹೇಳ್ಬೇಡಿ, ಎಲ್ಲಿ, ಈಗ ಅನ್ನಿ ನೋಡೋಣ' ಅಂದ್ಬಿಟ್ಟೆ. ಅವರು ಅನ್ಲಿಲ್ಲ. ಸುಮ್ನೆ ಮಗೂನ ಎತ್ಕೊಂಡು ಹೊರಗೆ ಹೋದ್ರು. ಆಮೇಲೆ ಆ ಮಾತು ಎತ್ತಲೇ ಇಲ್ಲ. ಸಾಯೋವರೆಗೂ ನಾನು ಅದನ್ನ ಸುಳ್ಳು ಅಂತಲೇ ಅಂದ್ಕೊಂಡಿದ್ದೆ ಕಣಪ್ಪಾ. ಕಟ್ಟಿಕೊಂಡವಳೇ ನಂಬದೆ ಹೋದೆ." ಅವಳು ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. "ಈಗ ಈ ಟೀವಿಯಲ್ಲಿ ಕಿವಿಯಾರೆ ಕೇಳಿದೆ. ಪ್ರಾಕ್ಟೀಸ್ ಮಾಡೋವಾಗೆಲ್ಲ ಟೇಪ್ ಓಡ್ತಿರ್ತಿತ್ತಲ್ಲ, ಅದ್ರಲ್ಲೇ ಸಿಕ್ಕಿರ್ಬೇಕು, ಅಲ್ವಾ?"

ಅವನು ಡ್ರಮ್ಮಿನ ಮೇಲಿನ ಬಟ್ಟೆಗಳನ್ನು ನೋಡುತ್ತ ನಿಂತ. ಆ ಸಂಜೆ ಕೋಣೆಯ ಮೆಟ್ಟಿಲಿಳಿದು, ಮನೆಯವರೆಗೂ ಒಬ್ಬನೇ ನಡೆಯುತ್ತ, ಗಡಿಯಾರ ಆ ಕಥೆಯನ್ನು ಒಂದೊಂದೇ ಸಾಲಾಗಿ ಕಟ್ಟಿಕೊಂಡಿರಬೇಕು. ನಗುವಿದ್ದಲ್ಲಿ ಚಪ್ಪಾಳೆ ಇಟ್ಟು. ಸೋತಲ್ಲಿ ತಾನೇ ಬಿಟ್ಟುಕೊಟ್ಟದ್ದೆಂದು ಮಾಡಿ. ಅವರನ್ನೆಲ್ಲ, ಇವನನ್ನು ಕೂಡ, ಒಳ್ಳೆಯವರನ್ನಾಗಿ ಮಾಡಿ. ನೀವು ನಂಬದೆ ಇದ್ದದ್ದೇ ಸರಿ ಅತ್ತಿಗೆ, ಅಳಬೇಕಾಗಿಲ್ಲ ಎಂದರೆ ಅವಳ ಎದೆಯ ಭಾರ ಇಳಿಯುತ್ತದೆ. ಹಾಗೆಂದರೆ ಗಡಿಯಾರ ಹೆಂಡತಿಯೆದುರು ಮತ್ತೊಮ್ಮೆ ಸುಳ್ಳನಾಗುತ್ತಾ‌ನೆ, ಮತ್ತು ಆ ದನಿ ಯಾರದೆಂದು ಹೇಳಬೇಕಾಗುತ್ತದೆ. ಗಡಿಯಾರನ ಮಾನ ಕಾಯಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಅದು ಅರ್ಧ ಸುಳ್ಳೆಂದು ಗೊತ್ತಿತ್ತು. ಕಾಯಬೇಕಾದ್ದು ಯಾರ ಮಾನವೆಂದು ಅವನಿಗೆ ಚೆನ್ನಾಗಿ ತಿಳಿದಿತ್ತು.

"ಒಂದ್ಸಲ ನಿನ್ನ ಬಾಯಲ್ಲಿ ಕೇಳ್ಬೇಕು," ಎಂದಳು ಅತ್ತಿಗೆ. "ಅವತ್ತು ಅಂದ್ರಾ ಅವರು?"

"ಅಂದ ಅತ್ತಿಗೆ."

"ಹೇಗೆ ಅಂದ್ರು?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳು ಮುಖವೆತ್ತಿ ಅವನ ಬಾಯಿಯನ್ನೇ ನೋಡುತ್ತಿದ್ದಳು, ಹಾಗೆ ನೋಡುವವರ ಎದುರು ಸುಮ್ಮನಿರುವುದು ಅವನಿಂದ ಆಗಿಬರುವ ಕೆಲಸವಲ್ಲ. ಗಡಿಯಾರ ಮೊದಲು ಕಣ್ಣು ಮುಚ್ಚಿಕೊಂಡ ಎಂದ. ಎಲ್ಲರೂ ಉಸಿರು ಬಿಗಿಹಿಡಿದೆವು ಎಂದ. ಕೆಳಗೆ ಸೈಕಲ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ಕೂಡ ನಿಂತಿತ್ತು, ಆಗ ಬಂತು ನೋಡಿ ಅತ್ತಿಗೆ, ಗಂಟೆ ಹೊಡೆದ ಹಾಗೆ. ಬೇಸ್ ಗಿಟಾರಿನವನು ಎದ್ದು ಹೋಗಿ ಅವನನ್ನು ತಬ್ಬಿಕೊಂಡ ಎಂದ. ತನ್ನ ಕೈಗಳು ಗಾಳಿಯಲ್ಲಿ ಆಡುತ್ತಿರುವುದನ್ನು ಅವನು ನೋಡಿದ. ಚೆನ್ನಾಗಿ ಬರುತ್ತಿತ್ತು. ಅತ್ತಿಗೆ ಒಂದೊಂದು ಮಾತಿಗೂ ಹೂಂಗುಟ್ಟುತ್ತ, ಅಳುತ್ತ, ನಗುತ್ತ ಕೇಳಿದಳು. "ಇಷ್ಟೇ ಬೇಕಿತ್ತು ನಂಗೆ," ಎಂದಳು ಕೊನೆಗೆ. "ನೀನೂ ಮಾತು ಉಳಿಸ್ಕೊಂಡೆ ನೋಡು. ಅವರು ನಾಲ್ಕು ಅಂದ್ರೆ ಮಾರ್ತೀನಿ ಅಂದಿದ್ದೆ. ಅವರ ನಾಲ್ಕರ ಜೊತೆಗೇ ಮಾರಿದೆ. ಯಾರು ಏನಾದ್ರೂ ಅನ್ಲಿ, ನೀನು ತಲೆ ತಗ್ಗಿಸ್ಬೇಡ."

ಅವನು ತಲೆ ತಗ್ಗಿಸಿಯೇ ನಿಂತಿದ್ದ. ಅಂಗಡಿಯ ಹೆಂಗಸು, ಗಿಟಾರಿನವನು, ಬೀದಿಯಲ್ಲಿ ಹೋಗುವವರು ಯಾರು ಏನೆಂದಿದ್ದರೂ ತಡೆದುಕೊಳ್ಳಬಹುದಿತ್ತು.

"ಇರು, ಕಾಫಿ ಮಾಡ್ತೀನಿ," ಎಂದು ಅತ್ತಿಗೆ ಕುರ್ಚಿಯ ಅಂಚಿಗೆ ಜರುಗಿದಳು.

"ಬೇಡ ಅತ್ತಿಗೆ, ಈಗ ತಾನೇ ಕುಡ್ಕೊಂಡು ಬಂದೆ."

"ಸುಮ್ನಿರು. ಕೈ ಕೊಡು ಒಂಚೂರು." ಎರಡೂ ಕೈ ಚಾಚಿದಳು. ಬೆರಳುಗಳಿಗೆ ಮುಲಾಮಿನ ಘಾಟಿತ್ತು. ಅವನು ಹಿಡಿದುಕೊಂಡ. ಅವಳು ಅಂಗಾಲನ್ನು ನೆಲಕ್ಕೆ ಊರಿ, ಪುಟ್ಟ ಹುಡುಗಿಯಂತೆ ಹುಮ್ಮಸ್ಸಿನಿಂದ, "ಎಣಿಸು," ಎಂದಳು.

"ಒಂದು, ಎರಡು, ಮೂರು," ಎಂದು ಅವನು ಗಂಟಲೊಳಗೇ, ಪಿಸುಮಾತಿನಷ್ಟು ಮೆಲ್ಲಗೆ ಹೇಳಿ ರೂಢಿಯಂತೆ ನಿಲ್ಲಿಸಿದ. ಅವಳು ಹೇಳಲೆಂದು ಕಾದ. ಅವಳು ಹೇಳಲಿಲ್ಲ.

"ಇನ್ಮೇಲೆ ನಾನು ಹೇಳಲ್ಲಪ್ಪಾ. ಅವರಿಗೇ ಬರ್ತಿತ್ತು ಅಂತ ಗೊತ್ತಾಯ್ತಲ್ಲ! ಅವರ ಬದಲು ನೀನೇ ಹೇಳ್ಬಿಡು, ಗಟ್ಟಿಯಾಗಿ."

"ನಾಲ್ಕು," ಎಂದ ಅವನು.

ಪದ ಬಾಯಿ ಬಿಟ್ಟ ಮೇಲೆಯೇ ಅವನಿಗೆ ಅದು ಕೇಳಿಸಿದ್ದು. ಒಣ ದನಿ, ಮೂಗಿಗೆ ತುಸು ತಗುಲಿ, ಕಡೆಗೆ ಕತ್ತರಿಸಿದಂತೆ. ಬಚ್ಚಲುಮನೆಯಲ್ಲಿ ಹುಟ್ಟಿಸಿದ್ದು, ಗಾಜಿನ ಕೋಣೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದು. ಎಣಿಸು ಎಂದರೆ ಅವನ ಬಾಯಿಗೆ ಈಗ ಬೇರೆ ದನಿಯೇ ಗೊತ್ತಿರಲಿಲ್ಲ. ಅತ್ತಿಗೆ ಅರ್ಧ ಎದ್ದಿದ್ದಳು. ಹಾಗೇ ನಿಂತಳು. ಅವನ ಕೈಯೊಳಗೆ ಅವಳ ಬೆರಳುಗಳು ಮೊದಲು ಬಿಗಿಯಾದವು. ಅವಳು ಅವನ ಕಣ್ಣು ನೋಡಲಿಲ್ಲ. ಬಾಯಿಯನ್ನು ನೋಡಿದಳು, ಬಹಳ ಹೊತ್ತು, ಕಳೆದುಹೋದ ಪದಾರ್ಥ ಪಕ್ಕದ ಮನೆಯಲ್ಲಿ ಕಂಡವರ ಹಾಗೆ. ಅವಳು ನಿಧಾನವಾಗಿ ಮತ್ತೆ ಕುರ್ಚಿಗೆ ಕುಸಿದು, ತನ್ನ ಕೈಗಳನ್ನು ಒಂದಾದ ಮೇಲೊಂದರಂತೆ ಅವನ ಕೈಯಿಂದ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಟೀವಿ ಆರಿಸು," ಎಂದಳು.

ಅವನು ಸ್ಟೂಲಿನ ಮೇಲಿಂದ ರಿಮೋಟು ತೆಗೆದುಕೊಂಡ. ಗುಂಡಿ ಹುಡುಕುವುದು ತಡವಾಯಿತು. ಟೀವಿ ಆರಿದ ಮೇಲೆ ಕೋಣೆಯಲ್ಲಿ ಕೆಳಗಿನ ಬೀದಿಯ ಸದ್ದು ಕೇಳಿಸತೊಡಗಿತು, ಯಾರೋ ಯಾರನ್ನೋ ಕೂಗುತ್ತಿದ್ದರು.

"ಅವತ್ತು," ಎಂದಳು ಅತ್ತಿಗೆ, ಆರಿದ ಟೀವಿಯನ್ನೇ ನೋಡುತ್ತ, "ನೀವೆಲ್ಲ ನಕ್ರಾ?"

"ಹೂಂ ಅತ್ತಿಗೆ. ಮೊದಲು ನಾನು."

"ಅವರೂ ನಕ್ರಾ?"

ಇಲ್ಲ ಎನ್ನಬೇಕೆಂದು ಅವನಿಗೆ ಎಷ್ಟೊಂದು ಅನಿಸಿತು. "ನಮ್ಮೆಲ್ಲರಿಗಿಂತ ಜೋರಾಗಿ," ಎಂದ.

ಅತ್ತಿಗೆ ತಲೆಯಾಡಿಸಿದಳು. ಆ ನಗು ಅವಳಿಗೆ ಗೊತ್ತಿತ್ತು. ಆಮೇಲೆ ಅವಳು ಕೂತ್ಕೋ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವನು ರಿಮೋಟು ಹಿಡಿದುಕೊಂಡು ನಿಂತೇ ಇದ್ದ.